ರಾಮಕ್ಕ ನಂಬಿದ ರಿಪೋರ್ಟು

ರಾಮಕ್ಕನಿಗೂ ನನಗೂ ಮಾತು ನಿಂತಿದ್ದು ನಲ್ಲಿ ನೀರಿನ ವಿಷಯಕ್ಕೆ. ಸಾಣೆಗುರುವನಹಳ್ಳಿಯ ನಮ್ಮ ವಠಾರದಲ್ಲಿ ಎಂಟು ಮನೆಗೆ ಒಂದೇ ನಲ್ಲಿ. ನಾನು ಆಗ ಬಸುರಿ. ಸೊಂಟನೋವು ಅಂತ ಬಿಂದಿಗೆಯನ್ನು ಸಾಲಿಗಿಟ್ಟು, ಒಳಗೆ ಹೋಗಿ ಸ್ವಲ್ಪ ಕೂತು ಬರುವಷ್ಟರಲ್ಲಿ ಅವಳು ಅದನ್ನು ಪಕ್ಕಕ್ಕೆ ಸರಿಸಿ ತನ್ನದನ್ನು ಇಟ್ಟಿದ್ದಳು. ಕೇಳಿದ್ದಕ್ಕೆ, "ಸಾಲಲ್ಲಿ ಬಿಂದಿಗೆ ನಿಂತ್ರೆ ಸಾಲ್ದು ಕಣಮ್ಮ, ಮನುಷ್ಯರು ನಿಂತ್ಕೋಬೇಕು. ನಾನೂ ಬಸ್ರೀನೇ" ಅಂದಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬಾಯಿಗೆ ಬಂದಿದ್ದನ್ನೆಲ್ಲ ಅಂದೆ, ಅವಳೂ ಬಿಡಲಿಲ್ಲ, ಅಲ್ಲಿಗೆ ಮುಗಿಯಿತು. ಅವಳಿಗೆ ಹೆಣ್ಣು ಹುಟ್ಟಿದಾಗ ವಠಾರವೆಲ್ಲ ಹೋಗಿ ನೋಡಿಕೊಂಡು ಬಂತು, ನಾನು ಹೋಗಲಿಲ್ಲ.

ಅಂಥ ರಾಮಕ್ಕನ ಬಗ್ಗೆ ಈಗ ಯಾರಾದರೂ ಅರ್ಧ ಮಾತು ಹಗುರವಾಗಿ ಆಡಿದರೂ ನಾನು ಸುಮ್ಮನಿರುವವಳಲ್ಲ. ಯಾಕೆ ಅಂತ ಹೇಳುತ್ತೇನೆ.

ಎಂಬತ್ತೆಂಟನೇ ಇಸವಿ. ಗೌರಿ ಹಬ್ಬ ಕಳೆದ ಮೇಲೆ ರಾಜಾಜಿನಗರದ ಒಂದು ನರ್ಸಿಂಗ್ ಹೋಮಿನಲ್ಲಿ ನನಗೆ ಹೆರಿಗೆ ಆಯಿತು. ಗಂಡು. ಮಗು ಬಂತು, ಹಿಂದೆಯೇ ರಕ್ತ ಬಂತು, ನಿಲ್ಲಲೇ ಇಲ್ಲ. ನನಗೆ ನೆನಪಿರುವುದು ಡಾಕ್ಟರ್ ಅನಂತಲಕ್ಷ್ಮಿಯವರ ದನಿ ಮಾತ್ರ: "ರಕ್ತ ಬೇಕು, ಎಲ್ಲಿಂದಾದ್ರೂ ತನ್ನಿ." ನಮ್ಮ ಯಜಮಾನರು ನಾಗರಾಜು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಕೆಲಸ ಮಾಡುವವರು. ಅವರ ರಕ್ತದ ಗುಂಪು ನನಗೆ ಹೊಂದಲಿಲ್ಲ. ಪಾಪ, ಸೈಕಲ್ ತುಳಿದುಕೊಂಡು ಅಲೆದು ಯಾವುದೋ ಬ್ಲಡ್ ಬ್ಯಾಂಕಿನಿಂದ ಎರಡು ಬಾಟ್ಲಿ ತಂದರು. ಆ ರಕ್ತದಿಂದಲೇ ನಾನು ಉಳಿದೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಅದನ್ನು ನಾನು ಬಹಳ ಶಪಿಸಿದ್ದೇನೆ.

ಮಗುವಿಗೆ ಒಂದೂವರೆ ತಿಂಗಳಾಗುವ ಹೊತ್ತಿಗೆ ಡಾಕ್ಟರಮ್ಮ ಆಯಾ ಕೈಲಿ ಹೇಳಿಕಳಿಸಿದರು. ಹೋದೆವು. ಬಾಗಿಲು ಹಾಕಿ ಕೂರಿಸಿದರು. ರಕ್ತ ಮಾರಿಯೇ ಬದುಕುವ ಒಬ್ಬ ಮನುಷ್ಯ ಇದ್ದಾನೆ, ಈಚೆಗೆ ಅಂಥವರನ್ನು ಪರೀಕ್ಷೆ ಮಾಡಿದಾಗ ಅವನಿಗೆ ಏಡ್ಸ್ ರೋಗದ ವೈರಸ್ ಇರುವುದು ಗೊತ್ತಾಗಿದೆ, ನನಗೆ ಹಾಕಿದ ಎರಡು ಬಾಟ್ಲಿಯಲ್ಲಿ ಒಂದು ಅವನದು ಅಂದರು. ಆಗೆಲ್ಲ ಪ್ರತಿ ಬಾಟ್ಲಿಗೂ ಆ ಪರೀಕ್ಷೆ ಮಾಡಿ ಕೊಡುವ ಪದ್ಧತಿ ಇನ್ನೂ ಬಂದಿರಲಿಲ್ಲ.

"ನಿಂಗೆ ಕೊಟ್ಟಾಗ್ಲೇ ಅವನಿಗೆ ಅಂಟಿತ್ತೋ, ಆಮೇಲೆ ಅಂಟ್ತೋ ಗೊತ್ತಿಲ್ಲಮ್ಮ" ಅಂದರು. "ಅದಕ್ಕೇ ನಿನ್ನ ಪರೀಕ್ಷೆ ಮಾಡ್ಬೇಕು. ಅಲ್ಲೀವರೆಗೂ ಮಗೂಗೆ ಹಾಲು ಕೊಡ್ಬೇಡ. ಎದೆಹಾಲಲ್ಲೂ ಹೋಗುತ್ತೆ ಅಂತ ಈಚೆಗೆ ಓದಿದೀನಿ."

ಏಡ್ಸ್ ಅನ್ನುವ ಪದವನ್ನು ನಾನು ಪೇಪರಿನಲ್ಲಿ ನೋಡಿದ್ದೆ. ಅದು ನಮ್ಮಂಥವರ ಮನೆಗೆ ಬರುವ ಪದ ಅಂತ ಅಂದುಕೊಂಡಿರಲಿಲ್ಲ. ಯಜಮಾನರು ಮೇಜಿನ ಅಂಚು ಹಿಡಿದುಕೊಂಡು, "ಹೇಳದೆ ಇದ್ದುಬಿಡಬಹುದಾಗಿತ್ತಲ್ಲ ಮೇಡಂ ನೀವು" ಅಂದರು. ಅದು ಬೈಗುಳವೋ ಕೃತಜ್ಞತೆಯೋ ಅವರಿಗೇ ಗೊತ್ತಿರಲಿಲ್ಲ ಅನ್ನಿಸುತ್ತದೆ. ನನಗಂತೂ ಇವತ್ತು ಗೊತ್ತು. ಹೇಳದೆ ಇದ್ದವರು ಎಷ್ಟು ಜನ ಇದ್ದರೋ, ಇವರು ಹೇಳಿದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ರಕ್ತ ತೆಗೆದು ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿಯತನಕ ಮಗುವಿಗೆ ಹೇಗೋ ಡಬ್ಬದ ಹಾಲು ಕುಡಿಸಿದೆವು. ವಾರ ಕಳೆದು ರಿಪೋರ್ಟು ಬಂತು. ಇಲ್ಲ ಅಂತ ಇತ್ತು. ನಾನು ಹಿಂದೆಮುಂದೆ ನೋಡಲಿಲ್ಲ, ಅಲ್ಲೇ ಸೆರಗು ಸರಿಸಿ ಮಗುವನ್ನು ಎದೆಗೆ ತಂದೆ. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು.

"ತಾಳು ವಿಮಲಾ. ಈ ಟೆಸ್ಟು ವೈರಸ್ಸನ್ನ ನೋಡಲ್ಲ. ವೈರಸ್ ಒಳಗೆ ಬಂದ್ರೆ ಅದರ ವಿರುದ್ಧ ಹೋರಾಡೋಕೆ ನಮ್ಮ ಮೈ ಏನೋ ತಯಾರು ಮಾಡ್ಕೊಳ್ಳುತ್ತೆ. ಟೆಸ್ಟು ಹುಡುಕೋದು ಅದನ್ನ. ಅದು ತಯಾರಾಗೋಕೆ ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ತಿಂಗಳುಗಳೇ ಬೇಕು. ಅಲ್ಲೀತನಕ ವೈರಸ್ ಒಳಗೆ ಕೂತಿದ್ರೂ ಟೆಸ್ಟು ಇಲ್ಲ ಅಂತಾನೇ ಹೇಳುತ್ತೆ."

"ಮತ್ತೆ ಇಲ್ಲ ಅಂತ ಯಾಕೆ ಬರ್ಕೊಟ್ರು?"

"ಇವತ್ತಿಗೆ ಕಾಣಿಸ್ತಿಲ್ಲ ಅಂತ ಅಷ್ಟೇ ಅರ್ಥ. ಹೆರಿಗೆ ಆಗಿ ಮೂರು ತಿಂಗಳು ತುಂಬ್ದಾಗ ಒಂದ್ಸಲ, ಆರು ತುಂಬ್ದಾಗ ಒಂದ್ಸಲ ನೋಡೋಣ. ಆರು ತಿಂಗಳಿಗೂ ಇಲ್ಲ ಅಂದ್ರೆ ಇಲ್ಲ. ಅಲ್ಲೀವರೆಗೆ ನೀವಿಬ್ರೂ ದೂರ ಇರಿ, ಮಗೂಗೆ ಬೇರೆ ಹಾಲು ಕೊಡಿ."

ಮೈಯೆಲ್ಲ ಉರಿದುಹೋಯಿತು. ಇದೆ ಅಂದಿದ್ದರೆ ಎದೆ ಬಡಿದುಕೊಂಡು ಅತ್ತಾದರೂ ಅಳುತ್ತಿದ್ದೆ. ಇಲ್ಲ ಅಂತ ಬರೆದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಮಗುವನ್ನು ಎದೆಯಿಂದ ದೂರ ಇಡಬೇಕು ಅಂದರೆ ಯಾರ ಮೇಲೆ ಕೂಗಾಡಲಿ? ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು, "ಮಗು ಹಸ್ಕೊಂಡಿದೆ, ಕುಡಿಸ್ಬಾರ್ದಾ" ಅಂದಳು. ಅವಳ ಮೇಲೆ ಕೂಗಾಡಿದೆ.

ನಮ್ಮ ಅತ್ತೆ ಚಿಕ್ಕಲಕ್ಷ್ಮಮ್ಮನವರಿಗೆ ಹಾಲಿನಲ್ಲಿ ನಂಜಿದೆಯಂತೆ, ಕೊಡಬಾರದಂತೆ ಅಂತಷ್ಟೇ ಹೇಳಿದೆವು. ಅವರು ಸುಮ್ಮನೆ ಎದ್ದು ಹೋಗಿ ಎರಡು ಮೊಳ ಮಲ್ಲಿಗೆ ತಂದರು. ನಮ್ಮ ಕಡೆ ಹಾಲು ಬತ್ತಿಸಬೇಕಾದರೆ ಎದೆಗೆ ಮಲ್ಲಿಗೆ ಹೂ ಕಟ್ಟುತ್ತಾರೆ. ಮಗು ತೀರಿಹೋದ ಬಾಣಂತಿಗೆ ಕಟ್ಟುವುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ. ಆ ಹೂವನ್ನು ಅವರ ಕೈಯಿಂದ ತೆಗೆದುಕೊಂಡು ತಲೆಗೆ ಮುಡಿದುಕೊಂಡೆ.

"ಇದೇನೇ ಇದು?" ಅಂದರು ಅತ್ತೆ.

"ನನ್ನ ಹಾಲು ಬತ್ತಕೂಡ್ದು ಅತ್ತೆ. ಆರು ತಿಂಗಳಾದ್ಮೇಲೆ ನನ್ನ ಮಗ ಕುಡೀತಾನೆ."

ಅವರು ತಲೆ ತಲೆ ಚಚ್ಚಿಕೊಂಡರು. ಆದರೆ ಮಾರನೇ ದಿನದಿಂದ ನನ್ನ ತಟ್ಟೆಗೆ ಸಬ್ಬಸಿಗೆ ಸೊಪ್ಪು ಹೆಚ್ಚಾಗಿ ಬೀಳತೊಡಗಿತು. ಅತ್ತೆಯನ್ನೂ ನಾನು ಇಲ್ಲಿ ನೆನೆಯಬೇಕು.

ದಿನಾ ಹಾಲು ಹಿಂಡಿ ತೆಗೆಯುತ್ತಿದ್ದೆ. ಎದೆಹಾಲನ್ನು ಯಾರಾದರೂ ತುಳಿಯುವ ಜಾಗದಲ್ಲಿ ಚೆಲ್ಲಬಾರದು ಅಂತ ವಠಾರದ ಹಿಂದಿನ ಹೊಂಗೆ ಮರದ ಬುಡಕ್ಕೆ ಸುರಿಯುತ್ತಿದ್ದೆ. ಸುರಿದ ಮೇಲೆ ಮರಕ್ಕೇನಾದರೂ ಆದೀತೋ ಅನ್ನುವ ಭಯ ಬೇರೆ. ಎಲೆ ಒಂದು ಹಳದಿಯಾದರೂ ನಿಂತು ನೋಡುತ್ತಿದ್ದೆ. ಹುಚ್ಚು ಹಿಡಿಯುವುದು ಅಂದರೆ ಹೀಗೇ ಇರಬೇಕು.

ಮಗುವಿಗೆ ಆ ಡಬ್ಬದ ಹಾಲು ಕೊನೆಗೂ ಒಗ್ಗಲಿಲ್ಲ. ಕುಡಿದದ್ದೆಲ್ಲ ಕಕ್ಕಿತು, ಭೇದಿ ಶುರುವಾಯಿತು. ಹಸುವಿನ ಹಾಲಿಗೆ ನೀರು ಬೆರೆಸಿ ಕೊಟ್ಟರೂ ಅದೇ ಕಥೆ. ಎರಡು ದಿನಕ್ಕೆ ಕಣ್ಣು ಒಳಕ್ಕೆ ಹೋದವು, ಅಳುವುದಕ್ಕೂ ಶಕ್ತಿಯಿಲ್ಲದೆ ಬೆಕ್ಕಿನ ಮರಿಯ ಹಾಗೆ ಕುಂಯ್ಗುಡುತ್ತಿತ್ತು. ನನ್ನ ಎದೆ ಮಾತ್ರ ಅದರ ದನಿ ಕೇಳಿದ ಕೂಡಲೇ ಒದ್ದೆಯಾಗುತ್ತಿತ್ತು.

ಮಧ್ಯಾಹ್ನದ ಹೊತ್ತು, ಬಾಗಿಲಿಗೆ ಯಾರೋ ಅಡ್ಡ ಬಂದರು. ನೋಡಿದರೆ ರಾಮಕ್ಕ. ಬಿನ್ನಿ ಮಿಲ್ಲಿನಲ್ಲಿ ನೇಯುವ ಬೆಟ್ಟಯ್ಯನ ಹೆಂಡತಿ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಮೂರು ಹೆತ್ತವಳು. ಮಾತು ಬಿಟ್ಟಿದ್ದೇವೆ ಅನ್ನುವುದನ್ನೇ ಮರೆತವಳ ಹಾಗೆ ಒಳಗೆ ಬಂದಳು.

"ಎರಡು ದಿವಸದಿಂದ ಕೇಳಿಸ್ಕೊಂಡಿದೀನಿ. ನನ್ನ ಕೈಲಾಗಲ್ಲ ಕಣೇ. ಇಲ್ಲಿ ಕೊಡು" ಅಂತ ಮಗುವನ್ನು ಎತ್ತಿಕೊಂಡು, ಗೋಡೆಗೆ ಒರಗಿ ಕೂತು, ಎದೆಗೆ ಹಾಕಿಕೊಂಡೇ ಬಿಟ್ಟಳು. ಮಗು ಒಂದು ಸಲ ತಡಕಾಡಿ ಹಿಡಿದುಕೊಂಡಿತು. ಮನೆಯೆಲ್ಲ ನಿಶ್ಶಬ್ದವಾಯಿತು. ನನ್ನ ಮಗ ನುಂಗುವ ಸದ್ದು ನನಗೆ ಕೇಳಿಸುತ್ತಿತ್ತು.

ಆಗ ಹೊಳೆಯಿತು. ಆ ಮಗು ಒಂದೂವರೆ ತಿಂಗಳು ಕುಡಿದದ್ದು ನನ್ನ ಹಾಲು. ನನ್ನ ರಿಪೋರ್ಟನ್ನು ನಂಬುವ ಹಾಗಿಲ್ಲ ಅಂದಮೇಲೆ ಈ ಮಗುವನ್ನು ನಂಬುವುದು ಹೇಗೆ? ಇದರ ಬಾಯಿಂದ ಅವಳಿಗೆ ಬಂದರೆ? ಅವಳಿಂದ ಅವಳ ಮಗಳಿಗೆ ಹೋದರೆ?

"ರಾಮಕ್ಕ, ನಿಲ್ಸಿ" ಅಂದೆ. "ಮೊದಲು ನಾನು ಹೇಳೋದು ಕೇಳಿ, ಆಮೇಲೆ ನಿಮ್ಮಿಷ್ಟ."

ಎಲ್ಲ ಹೇಳಿದೆ. ಆ ಪದವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ರಾಮಕ್ಕ ಮಗುವಿನ ಬಾಯಿ ಬಿಡಿಸಿ, ಅದನ್ನು ನನ್ನ ಮಡಿಲಿಗೆ ಹಾಕಿ, ಎದ್ದು ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ತಪ್ಪು ತಿಳಿದುಕೊಳ್ಳಲಿಲ್ಲ. ನಾನಾಗಿದ್ದರೆ ಹೋಗುವ ಮುಂಚೆ ನಾಲ್ಕು ಮಾತು ಬೈದು ಹೋಗುತ್ತಿದ್ದೆ. ಸಂಜೆಯ ಹೊತ್ತಿಗೆ ವಠಾರವೆಲ್ಲ ನಮ್ಮ ಬಾಗಿಲಲ್ಲಿ ನಿಲ್ಲುತ್ತದೆ, ಮನೆ ಖಾಲಿ ಮಾಡಬೇಕಾಗುತ್ತದೆ ಅಂತ ಪಾತ್ರೆ ಪಡಗ ಒಂದು ಕಡೆ ಸೇರಿಸತೊಡಗಿದೆ. ಯಾರೂ ಬರಲಿಲ್ಲ.

ಬೆಳಗ್ಗೆ ರಾಮಕ್ಕ ಬಂದಳು. ತಲೆ ಬಾಚಿ, ಒಳ್ಳೆ ಸೀರೆ ಉಟ್ಟು, ಮಗಳು ಮುನಿತಾಯಿಯನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದಳು.

"ನಮ್ಮೆಜಮಾನರಿಗೆ ಹೇಳ್ದೆ. ಕೇಳ್ಕೊಂಡು ಬಾ, ತಿಳ್ಕೊಂಡು ಮಾಡು ಅಂದ್ರು. ನಡಿ, ನಿಮ್ಮ ಡಾಕ್ಟ್ರಮ್ಮನ ಹತ್ರ ಕರ್ಕೊಂಡು ಹೋಗು."

ಹೋದೆವು. ರಾಮಕ್ಕನಿಗೆ ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ. "ಈ ಮಗೂಗೆ ನಾನು ಹಾಲು ಕೊಟ್ರೆ ನಂಗೆ ಬರುತ್ತಾ?" ಅಂತ ನೇರವಾಗಿ ಕೇಳಿದಳು.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗೊತ್ತಿಲ್ಲಮ್ಮ. ಮಗುವಿಂದ ಹಾಲು ಕೊಟ್ಟೋಳಿಗೆ ಬಂತು ಅಂತ ನಾನು ಎಲ್ಲೂ ಓದಿಲ್ಲ. ಹಾಗಂತ ಬರೋದೇ ಇಲ್ಲ ಅಂತ ಹೇಳೋಕಾಗಲ್ಲ. ಇದು ಹೊಸ ರೋಗ, ನಾವೂ ಈಗ್ಲೇ ಕಲೀತಿರೋದು. ಮಗು ಬಾಯಲ್ಲಿ ಹುಣ್ಣಾದ್ರೆ, ನಿನ್ನ ಎದೆ ತೊಟ್ಟು ಒಡೆದ್ರೆ, ತಕ್ಷಣ ನಿಲ್ಸು. ನಾನಂತೂ ಕೊಡು ಅಂತ ಹೇಳಲ್ಲ."

"ಕೊಡದಿದ್ರೆ ಇದು ಉಳಿಯುತ್ತಾ?"

ಡಾಕ್ಟರಮ್ಮ ಮಗುವಿನ ಹೊಟ್ಟೆಯ ಚರ್ಮ ಹಿಡಿದು ಬಿಟ್ಟು ನೋಡಿದರು. ಚರ್ಮದ ಮಡಿಕೆ ಹಾಗೇ ನಿಂತಿತ್ತು.

"ಸರಿ ಹಾಗಾದ್ರೆ" ಅಂದಳು ರಾಮಕ್ಕ. "ಬಲಗಡೇದು ಇವನಿಗೆ, ಎಡಗಡೇದು ನನ್ನ ಮಗಳಿಗೆ. ಬೆರೆಸಲ್ಲ."

"ಎರಡೂ ಕಡೆ ಹರಿಯೋದು ಒಂದೇ ರಕ್ತ ಅಲ್ವೇನಮ್ಮ" ಅಂತ ಡಾಕ್ಟರಮ್ಮ ನಕ್ಕರು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ರಾಮಕ್ಕ ಮಾತ್ರ ತನ್ನ ಲೆಕ್ಕಾಚಾರ ಬಿಡಲಿಲ್ಲ. ವಠಾರದವರಿಗೆ ನನ್ನ ಎದೆಗೆ ಬಾವು ಬಂದಿದೆ ಅಂತ ಅವಳೇ ಸುದ್ದಿ ಹಬ್ಬಿಸಿದಳು. ಒಂದು ಮನೆಯಲ್ಲಿ ಲೋಟ ಬಿದ್ದರೆ ಎಂಟು ಮನೆಗೆ ಗೊತ್ತಾಗುವ ಜಾಗ ಅದು. ಅಲ್ಲಿ ಆ ಒಂದು ಪದ ಅವಳ ಬಾಯಿಂದ ಯಾವತ್ತೂ ಹೊರಬೀಳಲಿಲ್ಲ.

ಮಗ ಚೇತರಿಸಿಕೊಂಡ. ಮಾವನ ಹೆಸರು, ಚಿಕ್ಕಣ್ಣ ಅಂತ ಇಟ್ಟೆವು. ಹೊತ್ತು ಹೊತ್ತಿಗೆ ರಾಮಕ್ಕ ಬರುತ್ತಿದ್ದಳು, ಇಲ್ಲ ನಾನೇ ಎತ್ತಿಕೊಂಡು ಹೋಗುತ್ತಿದ್ದೆ. ಅವಳು ಸೌದೆ ಒಲೆ ಊದುತ್ತಲೋ, ಅಕ್ಕಿ ಆರಿಸುತ್ತಲೋ ಬಲಗಡೆ ಕೊಡುತ್ತಿದ್ದಳು. ನನ್ನ ಮಗ ಅವಳ ಕಿವಿಯ ಓಲೆ ಹಿಡಿದು ಎಳೆಯುತ್ತಾ ಅವಳ ಮುಖ ನೋಡಿ ನಗುತ್ತಿದ್ದ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅದೇ ಹೊಟ್ಟೆಯಲ್ಲಿ ಅವಳ ಮೇಲೆ ಎಂಥ ಪ್ರೀತಿ ಉಕ್ಕುತ್ತಿತ್ತು ಅಂದರೆ, ಅವಳ ಮನೆಯ ಪಾತ್ರೆಯನ್ನೆಲ್ಲ ತಿಕ್ಕಿ ಇಟ್ಟು ಬರುತ್ತಿದ್ದೆ. "ನಿನ್ನ ಕೈಲಿ ಪಾತ್ರೆ ಬೆಳಗಲ್ಲ ಕಣೇ, ಜಿಡ್ಡು ಹಾಗೇ ಇದೆ" ಅಂತ ಬೈಯುತ್ತಿದ್ದಳು.

ಮೂರು ತಿಂಗಳಿಗೆ ಮತ್ತೆ ರಕ್ತ ಕೊಟ್ಟೆ. ಇಲ್ಲ ಅಂತ ಬಂತು. ಡಾಕ್ಟರಮ್ಮನಿಗೆ ಸಮಾಧಾನ ಆದದ್ದು ಮುಖದಲ್ಲೇ ಗೊತ್ತಾಯಿತು. "ಬಹಳ ಮಟ್ಟಿಗೆ ಒಳ್ಳೇ ಸುದ್ದಿ. ಆದ್ರೆ ಮಗು ವಿಷಯ, ಪೂರ್ತಿ ಆರು ತಿಂಗಳು ಕಾಯೋಣ" ಅಂದರು. ಬಹಳ ಮಟ್ಟಿಗೆ ಅಂದರೆ ಎಷ್ಟು ಮಟ್ಟಿಗೆ? ಅವತ್ತಿನಿಂದ ನನಗೆ ಸ್ವಲ್ಪ ಕೆಮ್ಮು ಬಂದರೂ ಅದೇ, ಮೈಮೇಲೆ ಒಂದು ಗುಳ್ಳೆ ಎದ್ದರೂ ಅದೇ. ಕನ್ನಡಿ ಹತ್ತಿರ ನಿಂತು ನಾಲಿಗೆ ಚಾಚಿ ನೋಡಿಕೊಳ್ಳುತ್ತಿದ್ದೆ. ಯಜಮಾನರು ತೂಕ ನೋಡಿಸೋಣ ಅಂತ ರೈಲ್ವೆ ಸ್ಟೇಷನ್ ಮಿಷನ್ನಿಗೆ ಕರೆದುಕೊಂಡು ಹೋದರು. ತೂಕ ಹೆಚ್ಚಾಗಿತ್ತು. ಸೊಪ್ಪು ತಿಂದದ್ದಕ್ಕೆ ಇರಬೇಕು ಅಂದುಕೊಂಡೆ, ನಂಬಲಿಲ್ಲ.

ಯುಗಾದಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಮೂರನೇ ರಿಪೋರ್ಟು ಬಂತು. ರಾಮಕ್ಕನೂ ಜೊತೆಯಲ್ಲಿದ್ದಳು, ಎರಡು ಮಕ್ಕಳೂ ಇದ್ದವು. ಡಾಕ್ಟರಮ್ಮ ಓದಿ, ಮಡಿಸಿ, ನನ್ನ ಕೈಗೆ ಕೊಟ್ಟರು.

"ಇಲ್ಲ ವಿಮಲಾ. ಇದು ನಿಜವಾದ ಇಲ್ಲ. ನಿನಗೆ ಕೊಟ್ಟಾಗ ಅವನಿಗಿನ್ನೂ ಅಂಟಿರ್ಲಿಲ್ಲ ಅನ್ಸುತ್ತೆ. ಹೋಗು, ನಿನ್ನ ಮಗೂಗೆ ಹಾಲು ಕೊಡು. ಇನ್ನು ಈ ವಿಷಯಕ್ಕೆ ನನ್ನ ಹತ್ರ ಬರ್ಬೇಡ."

"ಇನ್ನೊಂದೇ ಒಂದ್ಸಲ ನೋಡ್ಬಿಡಿ ಮೇಡಂ" ಅಂದೆ.

"ಯಾಕಮ್ಮ?"

ಮೊದಲೆರಡು ಸಲವೂ ಅದೇ ಮಾತು ಬರೆದಿತ್ತು, ಎರಡು ಸಲವೂ ಪೂರ್ತಿ ನಂಬಬೇಡ ಅಂತ ಇವರೇ ಹೇಳಿದ್ದರು. ಮೂರನೇ ಸಲಕ್ಕೆ ಇದ್ದಕ್ಕಿದ್ದ ಹಾಗೆ ನಂಬು ಅಂದರೆ ಮನಸ್ಸು ಎಲ್ಲಿಂದ ಬರಬೇಕು? ಡಾಕ್ಟರಮ್ಮ ಬೇಜಾರು ಮಾಡಿಕೊಳ್ಳದೆ ಮತ್ತೆ ಮೊದಲಿಂದ ಹೇಳಿದರು. ಎಲ್ಲ ಅರ್ಥವಾಯಿತು. ಅರ್ಥವಾದರೂ ದಾರಿಯುದ್ದಕ್ಕೂ ಆ ಕಾಗದವನ್ನು ಬಿಚ್ಚಿ ಬಿಚ್ಚಿ ಓದುತ್ತಲೇ ಇದ್ದೆ.

ಮನೆಗೆ ಬಂದೆವು. ಅತ್ತೆ ದೇವರಿಗೆ ದೀಪ ಹಚ್ಚಿದರು. ಯಜಮಾನರು ಕಣ್ಣೀರು ಕಾಣಬಾರದು ಅಂತ ಅಂಗಡಿಗೆ ಹೋದರು. ನಾನು ಗೋಡೆಗೆ ಒರಗಿ ಮಗನನ್ನು ಮಡಿಲಿಗೆ ಹಾಕಿಕೊಂಡೆ. ಇಷ್ಟು ತಿಂಗಳು ಬತ್ತದ ಹಾಗೆ ಹಿಂಡಿ ಹಿಂಡಿ ಕಾಪಾಡಿಕೊಂಡ ಹಾಲು, ರವಿಕೆ ನೆನೆದು ಹೋಗಿತ್ತು. ಮಗ ಬಾಯಿ ಚಾಚಿ ಹುಡುಕುತ್ತಿದ್ದ. ನನ್ನ ಕೈ ಮೇಲೇಳಲಿಲ್ಲ. ರಾಮಕ್ಕ ಎದುರಿಗೆ ಕೂತು ನೋಡುತ್ತಿದ್ದಳು.

"ಕೊಡೇ."

"ಇನ್ನು ಸ್ವಲ್ಪ ದಿನ ನೀವೇ ಕೊಡಿ ರಾಮಕ್ಕ. ನಂಗೆ ಭಯ ಆಗುತ್ತೆ. ಟೆಸ್ಟೇ ತಪ್ಪಾಗಿದ್ರೆ?"

ಅವಳಿಗೆ ರೇಗಿಹೋಯಿತು. ಎದ್ದು ಬಂದು ನನ್ನ ಮಗನನ್ನು ಎತ್ತಿ ತನ್ನ ಸೊಂಟಕ್ಕೆ ಹಾಕಿಕೊಂಡಳು. ಚಾಪೆಯ ಮೇಲೆ ಆಡುತ್ತಿದ್ದ ಮುನಿತಾಯಿಯನ್ನು ಇನ್ನೊಂದು ಕೈಯಲ್ಲಿ ಎತ್ತಿ ನನ್ನ ಮಡಿಲಿಗೆ ಹಾಕಿದಳು.

"ಇವಳಿಗೆ ಕುಡ್ಸು."

"ರಾಮಕ್ಕ, ನಿಮಗೇನು ತಲೆ ಕೆಟ್ಟಿದ್ಯಾ?"

"ಡಾಕ್ಟ್ರಮ್ಮ ಹೇಳಿದ್ದನ್ನ ನಾನೂ ಕೇಳಿಸ್ಕೊಂಡಿದೀನಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ನನ್ನ ಮುಖಕ್ಕೇ ಹೇಳಿದೋರು ಅವ್ರು. ಅಂಥೋರು ಇವತ್ತು ಇಲ್ಲ ಅಂದ್ರೆ ಇಲ್ಲ. ನಂಗೆ ಅಷ್ಟು ಸಾಕು. ಕುಡ್ಸೇ."

ಮುನಿತಾಯಿಗೆ ಹಸಿವಾಗಿತ್ತು. ಯಾರ ಎದೆ ಅಂತ ಅವಳು ನೋಡಲಿಲ್ಲ, ನನ್ನ ಸೆರಗಿನೊಳಗೆ ಮುಖ ಹುದುಗಿಸಿ ಹಿಡಿದುಕೊಂಡಳು. ಹಾಲು ಇಳಿಯಿತು. ಅಷ್ಟು ತಿಂಗಳು ಮರದ ಬುಡಕ್ಕೆ ಹೋದದ್ದು ಈಗ ಒಂದು ಮಗುವಿನ ಗಂಟಲಲ್ಲಿ ಇಳಿಯುತ್ತಿತ್ತು. ನಾನು ತಲೆ ಎತ್ತಿ ರಾಮಕ್ಕನ ಮುಖ ನೋಡಿದೆ. ಒಂದು ಕ್ಷಣಕ್ಕಾದರೂ ಅವಳ ಕೈ ಮುಂದೆ ಬರುತ್ತದೆ, ಮಗಳನ್ನು ಕಿತ್ತುಕೊಳ್ಳುತ್ತಾಳೆ ಅಂತ ಕಾಯುತ್ತಿದ್ದೆ. ಅವಳು ಸೆರಗಿನ ತುದಿಯಿಂದ ನನ್ನ ಮಗನ ಮೂಗು ಒರೆಸುತ್ತಿದ್ದಳು.

ಆಗ ನಾನು ಅತ್ತುಬಿಟ್ಟೆ ನೋಡಿ, ಅಷ್ಟು ತಿಂಗಳು ತಡೆದುಕೊಂಡಿದ್ದೆಲ್ಲ ಒಂದೇ ಸಲ ಬಂತು. ಬಗ್ಗಿ ಅವಳ ಪಾದ ಮುಟ್ಟಲು ಹೋದೆ.

"ಅಲ್ಲಾಡ್ಬೇಡ, ಅವಳಿಗೆ ನೆತ್ತಿಗೆ ಹತ್ತುತ್ತೆ" ಅಂತ ಗದರಿದಳು.

ಮುನಿತಾಯಿ ಹೊಟ್ಟೆ ತುಂಬಾ ಕುಡಿದು ತಾನಾಗಿಯೇ ಬಾಯಿ ಬಿಟ್ಟಳು. ರಾಮಕ್ಕ ಮಗಳ ತುಟಿಯ ಮೇಲೆ ಉಳಿದಿದ್ದ ನನ್ನ ಹಾಲನ್ನು ಬೆರಳಿನಿಂದ ಒರೆಸಿ, ಅವಳನ್ನು ಎತ್ತಿಕೊಂಡು, "ತಗೋ, ಈಗ ನಿನ್ನ ಮಗನ್ನ ನೋಡ್ಕೋ" ಅಂದಳು.

ನಾನು ಕೈ ಚಾಚಿ ಅವನನ್ನು ಎದೆಗೆ ತೆಗೆದುಕೊಂಡೆ.